ಹೊಡಿ ಅನ್ನದ ಸಾಹೇಬರು

ಕನ್ನಡದಲ್ಲಿ ಹೊಡೆಯದೆ ಯಾವ ಕೆಲಸ ಆಗುತ್ತದೆ ಹೇಳಿ. ಗಾಡಿ ಹೊಡೆಯುತ್ತೇವೆ, ಹಾರ್ನ್ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಗದ್ದೆಗೆ ಔಷಧಿ ಹೊಡೆಯುತ್ತೇವೆ. ಕೆಲಸವಿಲ್ಲದಾಗ ಹರಟೆ ಹೊಡೆಯುತ್ತೇವೆ, ಅದೂ ಬೇಸರವಾದರೆ ಒಂದು ನಿದ್ದೆ ಹೊಡೆದು ಏಳುತ್ತೇವೆ. ಇಂಥ ಭಾಷೆಯಲ್ಲಿ ಹುಟ್ಟಿ ಬೆಳೆದು, ಅದರಲ್ಲೂ ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿ, ಆ ಒಂದು ಮಾತನ್ನು ಬಾಯಿಗೆ ತಾರದೆ ಬದುಕಿದವರೊಬ್ಬರು ನನಗೆ ಗೊತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ಬಿ.ಪಿ. ತೋರಿಸಲು ಹೋದವರು, ಸರದಿ ಕಾಯುತ್ತ ಕುರ್ಚಿಯಲ್ಲಿ ಕೂತಲ್ಲೇ ಹೊರಟುಹೋದರಂತೆ. ಪಕ್ಕದಲ್ಲಿದ್ದವರು ಪಾಪ, ನಿದ್ದೆ ಬಂದಿರಬೇಕು ಅಂದುಕೊಂಡಿದ್ದರು.

ನನ್ನದು ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಡ್ರೈವಿಂಗ್ ಸ್ಕೂಲ್. ಸ್ಕೂಲ್ ಅಂದರೆ ಶಟರ್ ಎಳೆಯುವ ಒಂದು ಮಳಿಗೆ, ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಪಟ, ಹೊರಗೆ ತಲೆಯ ಮೇಲೆ ಹಳದಿ ಬೋರ್ಡು ಹೊತ್ತ ಕಾರು. ಹೊಸದಾಗಿ ಕಾರು ಕೊಂಡ ಅಂಗಡಿ ಸಾಹುಕಾರರು, ಗಂಡನ ಹತ್ತಿರ ಕಲಿಯಲು ಹೋಗಿ ಮಾತು ಬಿಟ್ಟು ಬಂದ ಹೆಂಗಸರು, ಇಂಥವರೇ ನನ್ನ ಗಿರಾಕಿಗಳು. ಒಂದು ಬೆಳಗ್ಗೆ ಹಣೆಯಲ್ಲಿ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ನರೆತ ಮೀಸೆಯ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಅವರು ನಿಂತ ರೀತಿಗೇ ನಾನು ಎದ್ದು ನಿಂತೆ.

"ಬರ್ರಿ ಸರ್, ಕೂಡ್ರಿ. ಯಾರಿಗೆ, ಮಗಳಿಗಾ?"

"ನನಗೇ."

"ಗಾಡಿ ಹೊಡಿಯಾಕೆ ಬರಂಗಿಲ್ಲೇನ್ರಿ ನಿಮಗೆ?"

ಅವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ತಲೆನೋವಿದ್ದವನ ಮುಂದೆ ಯಾರೋ ಜೋರಾಗಿ ಪಾತ್ರೆ ಇಟ್ಟಾಗ ಆಗುತ್ತದಲ್ಲ, ಹಾಗೆ. "ಗಾಡಿ ನಡೆಸಾಕೆ ಬರಂಗಿಲ್ಲ," ಎಂದು ನನ್ನ ವಾಕ್ಯವನ್ನೇ ತಿದ್ದಿ ಒಪ್ಪಿಸಿದರು. ಆಮೇಲೆ ನಕ್ಕರು. "ಸರ್ವಿಸ್ ಪೂರ್ತಿ ಎಡಗಡೆ ಸೀಟಿನಾಗೆ ಕೂತೋನು ನಾನು. ನಡೆಸೋರು ಬ್ಯಾರೆ ಇದ್ರು."

ಮೊದಲ ದಿನ ಅಭ್ಯಾಸಬಲದಿಂದ ಎಡಬಾಗಿಲು ತೆಗೆದು ಕೂತೇಬಿಟ್ಟರು. ನಾನು ಹೊರಗೆ ನಿಂತು ನೋಡಿದೆ. ಎರಡು ನಿಮಿಷವಾದರೂ ಕಾರು ಹೊರಡಲಿಲ್ಲವಲ್ಲ ಎಂದು ಅವರೇ ಕಿಟಕಿಯಿಂದ ಇಣುಕಿ, "ಓ, ನಾನೇ ಅಲ್ವಾ," ಎಂದು ಇಳಿದು ಸುತ್ತು ಬಂದರು. ಬಲಗಡೆ ಕೂತ ಮೇಲೆ ಕರ್ಚೀಫನ್ನು ನಾಲ್ಕಾಗಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು, ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದರು. ಬೆಳಗಿನ ಪೂಜೆಯಲ್ಲಿ ಏನಾದರೂ ಬಾಕಿ ಉಳಿಸಿಕೊಂಡು ಬಂದಿದ್ದಾರೇನೋ ಎಂದು ನಾನೂ ಸುಮ್ಮನೆ ಕಾದೆ. ಆವತ್ತಿನಿಂದ ನನ್ನನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು. ನನಗೆ ಅವರು ಸಾಹೇಬರು.

ಕಲಿಸುವವನ ಕಷ್ಟ ನಿಮಗೆ ಗೊತ್ತಿಲ್ಲ. ನನ್ನ ಪಾಠವೆಲ್ಲ ಹೊಡೆಯುವುದರ ಮೇಲೇ ನಿಂತಿದೆ. ಬ್ರೇಕ್ ಹೊಡೀರಿ, ಎಡಕ್ಕೆ ಹೊಡೀರಿ, ಹಾರ್ನ್ ಹೊಡೀರಿ, ರಿವರ್ಸ್ ಹೊಡೀರಿ. ಸಾಹೇಬರ ಮುಂದೆ ಬಾಯಿ ತೆರೆದಾಗಲೆಲ್ಲ ಅವರ ತಿದ್ದುಪಡಿ ಬರುತ್ತಿತ್ತು. "ಬ್ರೇಕ್ ಒತ್ತಬೇಕಾ?" "ಹಾರ್ನ್ ಮಾಡ್ಲಾ?" "ಎಡಕ್ಕೆ ತಿರುಗಿಸ್ಲಾ?" ವಾರ ಕಳೆಯುವುದರೊಳಗೆ ನನ್ನ ನಾಲಿಗೆಯೇ ಪರೀಕ್ಷೆಗೆ ಕೂತ ಹಾಗಾಯಿತು. ಒಂದು ದಿನ ಸರಸ್ವತಿ ನಗರದ ಅವರ ಮನೆಗೆ ಬಿಡಲು ಹೋದಾಗ, ಗೋಡೆಗೆ ಗಡಿಯಾರ ತೂಗುಹಾಕಲು ಬಡಗಿಯೊಬ್ಬ ಬಂದಿದ್ದ. "ಇಲ್ಲಿ ಮೊಳೆ ಹೊಡೀಲೇನ್ರಿ?" ಎಂದು ಕೇಳಿದ. ಸಾಹೇಬರು, "ಹ್ಞೂಂ, ಅಲ್ಲೇ ಇಳಿಸು," ಅಂದರು. ಅವನು ಗಾಬರಿಯಾಗಿ ಗಡಿಯಾರವನ್ನು ನೆಲಕ್ಕೆ ಇಳಿಸಿದ.

ಅವರ ಮನೆಯವರನ್ನು ನಾನು ಅಕ್ಕ ಅನ್ನುತ್ತಿದ್ದೆ. ಚಹ ಕೊಡುತ್ತ ಅಕ್ಕ ನಗುತ್ತಿದ್ದರು. "ಇದೊಂದು ಹಟ ಐತೆ ಇವರದು. ಸೊಳ್ಳೆ ಹೊಡಿಯಂಗಿಲ್ಲ, ಓಡಸ್ತಾರೆ. ಮೊದ್ಲು ಹಿಂಗಿರ್ಲಿಲ್ಲಪ್ಪ, ಬಾಯಿ ತೆಗೆದ್ರೆ ಹೊಡಿ, ಬಡಿ ಅನ್ನಾರೇ." ಸಾಹೇಬರು ಒಳಗೆ ಹೋದ ಮೇಲೆ ಅಕ್ಕ ದನಿ ತಗ್ಗಿಸಿದರು. "ಎಚ್ಚರಿದ್ದಾಗ ಅನ್ನಂಗಿಲ್ಲ. ನಿದ್ದಿಯಾಗೆ ಅಂತಾರೆ. ಅದೊಂದೇ ಮಾತು. ಎಬ್ಬಿಸಿ ಕೇಳಿದ್ರೆ, ಏನೂ ಇಲ್ಲ ಮಲಕ್ಕೋ ಅಂತಾರೆ." ನಾನು ಚಹ ಮುಗಿಸಿ ಎದ್ದೆ. ಇನ್ನೊಬ್ಬರ ನಿದ್ದೆಯ ವಿಷಯ ನಾನೇನು ಕೇಳುವುದು.

ಚಳಿಗಾಲ ಅದು. ನಾವು ಬೆಳಗ್ಗೆ ಬೇಗ ಹೊರಡುತ್ತಿದ್ದೆವು. ಊರು ದಾಟಿ ಹರಿಹರದ ಕಡೆಗೆ ಹೊರಳಿ, ದೊಡ್ಡ ರಸ್ತೆ ಬಿಟ್ಟು ನಾಲೆ ಪಕ್ಕದ ದಾರಿ ಹಿಡಿಯುತ್ತಿದ್ದೆವು. ಎರಡೂ ಕಡೆ ಭತ್ತದ ಗದ್ದೆ, ಅದರ ಮೇಲೆ ಮೊಣಕಾಲೆತ್ತರಕ್ಕೆ ನಿಂತ ಮಂಜು. ಬೆಳ್ಳಕ್ಕಿಗಳು ಕಾಣುತ್ತಿರಲಿಲ್ಲ, ಎದ್ದಾಗ ಮಾತ್ರ ಮಂಜಿನ ಒಂದು ತುಂಡೇ ಹಾರಿದಂತೆ ಆಗುತ್ತಿತ್ತು. ಸಾಹೇಬರು ಎರಡನೇ ಗೇರು ದಾಟುತ್ತಲೇ ಇರಲಿಲ್ಲ. ನನಗೂ ಅವಸರವಿರಲಿಲ್ಲ. ಎಂಜಿನ್ನಿನ ಸದ್ದಿಗೆ ನನ್ನ ಕಣ್ಣು ಎಳೆಯುತ್ತಿತ್ತು, ಅವರ ಮಾತು ಎಲ್ಲಿಂದಲೋ ಬಂದಂತೆ ಕೇಳುತ್ತಿತ್ತು.

"ಮೇಷ್ಟ್ರೇ, ನಾವು ಹೋಗ್ತಿದೀವಾ, ರಸ್ತೆ ಬರ್ತೈತಾ?"

"ಎರಡೂ ಸರ್."

"ಎಡಗಡೆ ಕೂತಾಗ ಹಿಂಗೆ ಅನ್ನಿಸಿರ್ಲಿಲ್ಲ ನೋಡ್ರಿ. ಆವಾಗ ರಸ್ತೆ ಸುಮ್ನೆ ಇರ್ತಿತ್ತು."

ಹೀಗೆ ಮಾತಾಡುತ್ತ ನಡುವೆ ಬೇರೆ ಎಲ್ಲಿಗೋ ಹೋಗಿಬಿಡುತ್ತಿದ್ದರು. ಹೋದವರು ವಾಪಸ್ ಬರುವುದು ಯಾವಾಗಲೂ ಒಂದೇ ವಿಷಯಕ್ಕೆ. ನಿವೃತ್ತಿಗೆ ಮೊದಲಿನ ಕೊನೆಯ ವರ್ಷಗಳಲ್ಲಿ ಅವರು ತಾವೇ ಕೇಳಿ ತರಬೇತಿ ಶಾಲೆಗೆ ಹಾಕಿಸಿಕೊಂಡು ಹೊಸ ಕಾನ್‌ಸ್ಟೆಬಲ್‌ಗಳಿಗೆ ತರಬೇತಿ ಕೊಡುತ್ತಿದ್ದರಂತೆ. ನಾಕಾಬಂದಿಯಲ್ಲಿ ಗಾಡಿ ನಿಲ್ಲಿಸದೆ ಹೋದರೆ ಪೊಲೀಸರು ಏನು ಮಾಡಬಹುದು, ಏನು ಮಾಡಬಾರದು ಎನ್ನುವುದು ಅವರ ಪಾಠ. ಆ ಪಾಠವನ್ನು ಮಂಜಿನಲ್ಲಿ ನನಗೂ ಮಾಡಿದರು.

"ನಿಲ್ಲಲಿಲ್ಲ ಅನ್ನಾದೊಂದೇ ಗುಂಡಿಗೆ ಕಾರಣ ಅಲ್ಲ ಮೇಷ್ಟ್ರೇ. ಅವನಿಂದ ಈಗ್ಲೇ, ಇಲ್ಲೇ, ಯಾರದಾದ್ರೂ ಜೀವ ಹೋಗ್ತೈತೆ, ತಡಿಯಾಕೆ ಬ್ಯಾರೆ ದಾರಿನೇ ಇಲ್ಲ ಅನ್ನಂಗಿದ್ರೆ ಮಾತ್ರ. ಗಲ್ಲು, ಜೀವಾವಧಿ ಆಗೋ ಅಪರಾಧದ ಆರೋಪ ಇಲ್ಲದೋನನ್ನ ಹಿಡಿಯಾಕೆ ಹೋಗಿ ಜೀವ ತೆಗಿಯೋ ಹಕ್ಕು ಕಾನೂನು ನಮಗೆ ಕೊಟ್ಟೇ ಇಲ್ಲ. ಟೈರಿಗೆ ಗುರಿ ಇಡ್ತೀನಿ ಅಂತಾರೆ ಹುಡುಗ್ರು. ಟೈರು ತಿರುಗ್ತಿರ್ತೈತೆ, ಗಾಡಿ ಕುಣೀತಿರ್ತೈತೆ, ಕೈ ನಡುಗ್ತಿರ್ತೈತೆ. ಗುಂಡು ಬಿದ್ರೆ ಗಾಡಿ ನಿಲ್ಲಂಗಿಲ್ಲ. ಗಾಡಿ ಹಂಗೇ ಹೋಗ್ತೈತೆ, ನಡೆಸೋನು ಇರಂಗಿಲ್ಲ ಅಷ್ಟೇ."

"ಹಂಗಾದ್ರೆ ಓಡಿ ಹೋಗ್ಲಿ ಅಂತ ಬಿಟ್ಟುಬಿಡಾದಾ ಸರ್?" ನಾನೂ ಆ ಹುಡುಗರಂತೆಯೇ ಕೇಳಿದೆ.

"ಹೋಗ್ಲಿ ಬಿಡ್ರಿ. ನಂಬರ್ ಬರ್ಕೊಂಡು ವೈರ್‌ಲೆಸ್ಸಿನಾಗೆ ಹೇಳಿದ್ರಾತು. ಹರಿಹರದಾಗೆ ತಪ್ಪಿಸಿಕೊಂಡೋನು ರಾಣೆಬೆನ್ನೂರಿನಾಗೆ ಸಿಗ್ತಾನೆ. ಸತ್ತೋನು ಎಲ್ಲೂ ಸಿಗಂಗಿಲ್ಲ."

ಹರಿಹರದ ಹೊಳೆ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗಲೇ ಸಾಹೇಬರು ಗಾಡಿ ತಿರುಗಿಸುತ್ತಿದ್ದರು. ತುಂಗಭದ್ರೆಯ ಸೇತುವೆಯ ಮೇಲೆ ಒಂದು ಸಲವೂ ನಡೆಸಲಿಲ್ಲ. ತಿರುಗಿಸುವುದು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಹಿಂದೆ ಮುಂದೆ ಮಾಡಿ, ಅರ್ಧ ರಸ್ತೆಗೆ ಅಡ್ಡ ನಿಂತು, ಲಾರಿಯವರ ಕೈಲಿ ಬೈಸಿಕೊಂಡು ತಿರುಗಿಸುತ್ತಿದ್ದರು. ನೇರ ಸೇತುವೆ ದಾಟಿ ಆಚೆ ಆರಾಮಾಗಿ ತಿರುಗಿಸಬಹುದಲ್ಲ ಸರ್, ಎಂದು ನಾನು ಒಂದು ದಿನ ಅಂದೇಬಿಟ್ಟೆ. ಅವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಎಂಜಿನ್ ಬಂದ್ ಮಾಡಿದರು. ಕತೆ ಹೊರಬಂದದ್ದು ಆವತ್ತು. ಗಾಜಿನ ಮೇಲೆ ಮಂಜು ಕೂತು ಹೊರಗಿನದೇನೂ ಕಾಣದ ಹಾಗಾಗುವವರೆಗೆ ಹೇಳುತ್ತಲೇ ಇದ್ದರು.

ಕೆಲವು ವರ್ಷಗಳ ಹಿಂದಿನ ಮಾತು. ದೀಪ ಹಚ್ಚುವ ಹೊತ್ತು. ಯಾರೋ ಕಳ್ಳತನ ಮಾಡಿಕೊಂಡು ಬಿಳಿ ಕಾರಿನಲ್ಲಿ ಹೊಳೆಯ ಕಡೆ ಹೊರಟಿದ್ದಾರೆ ಎಂದು ವೈರ್‌ಲೆಸ್ಸಿನಲ್ಲಿ ಬಂತು. ನಮ್ಮ ಕಡೆ ಮೂರು ಕಾರಿಗೆ ಒಂದು ಬಿಳಿಯದು. ಸಾಹೇಬರು ಸೇತುವೆಯ ಈಚೆ ತುದಿಯಲ್ಲಿ ಬ್ಯಾರಿಕೇಡ್ ಹಾಕಿಸಿದರು. ಒಂದು ಬಿಳಿ ಕಾರು ನಿಧಾನವಾಗಿ ಬಂತು. ಬ್ಯಾರಿಕೇಡಿನ ಹತ್ತಿರವಿದ್ದ ಪೇದೆ ಸೀಟಿ ಊದಿ ಅಡ್ಡ ಬಂದ. ನಿಲ್ಲುತ್ತದೆ ಅನ್ನುವಷ್ಟರಲ್ಲಿ ಕಾರು ಹಾರಿದಂತೆ ಮುಂದೆ ನುಗ್ಗಿತು, ಬ್ಯಾರಿಕೇಡ್ ಪಕ್ಕಕ್ಕೆ ಬಿತ್ತು, ಪೇದೆ ಜಿಗಿದು ಉಳಿದುಕೊಂಡ, ಕಾರು ಸೇತುವೆ ಹತ್ತಿತು. ಸಾಹೇಬರು ಜೀಪಿಗೆ ಒಂದು ಕಾಲು ಇಟ್ಟಿದ್ದರು. ಒಳಗೆ ಚಾಲಕ. ಹೊರಗೆ, ಅವರ ಬೆನ್ನ ಹಿಂದೆ, ಬಂದೂಕು ಹಿಡಿದ ಒಬ್ಬ ಕಾನ್‌ಸ್ಟೆಬಲ್. ಸಾಹೇಬರು ಕೂಗಿದರು.

"ಹೊಡಿ! ಹೊಡಿ!"

ಜೀಪು ಜಗ್ಗಿ ಮುಂದೆ ಹೋಯಿತು. ಅದೇ ಗಳಿಗೆಯಲ್ಲಿ ಹಿಂದಿನಿಂದ ಗುಂಡು ಹಾರಿತು. ಒಂದು ಮಾತನ್ನು ಇಬ್ಬರು ಕೇಳಿದ್ದರು, ಇಬ್ಬರೂ ಪಾಲಿಸಿದ್ದರು.

ಟೈರಿಗೆ ಗುರಿ ಇಟ್ಟ ಗುಂಡು ಹಿಂದಿನ ಗಾಜಿನಿಂದ ಒಳಗೆ ಹೋಗಿತ್ತು. ಕಾರು ಸೇತುವೆಯ ಕಟ್ಟೆಗೆ ಉಜ್ಜಿಕೊಂಡು ಹೋಗಿ ನಿಂತಿತು. ಒಳಗಿದ್ದವನು ಒಬ್ಬನೇ, ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಮಧ್ಯವಯಸ್ಕ. ಸತ್ತುಹೋಗಿದ್ದ. ಕಾರಿನಲ್ಲಿ ಕಳವಿನ ಮಾಲೂ ಇರಲಿಲ್ಲ, ಆಯುಧ ಅನ್ನುವಂಥ ಕಬ್ಬಿಣದ ಚೂರೂ ಇರಲಿಲ್ಲ. ಜೇಬಿನಲ್ಲಿ ಎಲ್‌ಎಲ್‌ಆರ್ ಇತ್ತು, ಅಂದರೆ ಗಾಡಿ ಕಲಿಯುವವರಿಗೆ ಮೊದಲು ಕೊಡುವ ಕಾಗದ. ಪಕ್ಕದ ಸೀಟಿನ ಮೇಲೆ ಕೆಂಪು ಎಲ್ ಬೋರ್ಡು, ಇನ್ನೂ ಅಂಟಿಸಿರದಿದ್ದದ್ದು. ಅದನ್ನು ಅಂಟಿಸಲು ನನ್ನ ಹತ್ತಿರ ಬರುವ ದೊಡ್ಡವರಿಗೂ ನಾಚಿಕೆ. ಪಕ್ಕದಲ್ಲಿ ಲೈಸೆನ್ಸ್ ಇದ್ದವರಿಲ್ಲದೆ ಗಾಡಿ ತಂದಿದ್ದಾನೆ, ದಂಡಕ್ಕೆ ಹೆದರಿ ಪರಾರಿಯಾಗುತ್ತಿದ್ದ, ಎಂದು ಕಾಗದದಲ್ಲಿ ಬರೆದರು. ಊರು ಅಷ್ಟಕ್ಕೆ ಒಪ್ಪಲಿಲ್ಲ. ಏನೂ ಇಲ್ಲದಿದ್ದರೆ ಯಾಕೆ ಓಡುತ್ತಿದ್ದ, ಗಾಂಜಾ ಇತ್ತಂತೆ, ಹೊಳೆಗೆ ಎಸೆದನಂತೆ, ಎಂದೆಲ್ಲ ಆಡಿಕೊಂಡಿತು.

ಇಲಾಖೆಯ ವಿಚಾರಣೆಯಲ್ಲಿ ಸಾಹೇಬರು, ನಾನು ಹೇಳಿದ್ದು ಜೀಪಿನ ಚಾಲಕನಿಗೆ, ಗಾಡಿ ಹೊಡಿ ಅಂದೆ, ಗುಂಡು ಹೊಡಿ ಅನ್ನಲಿಲ್ಲ ಎಂದು ಹೇಳಿಕೆ ಕೊಟ್ಟರು. ನಂಬಿದರು. ಕಾನ್‌ಸ್ಟೆಬಲ್ ಆದೇಶವಿಲ್ಲದೆ ಗುಂಡು ಹಾರಿಸಿದ್ದಾನೆ ಎಂದಾಯಿತು. ಅವನ ಕೆಲಸ ಹೋಯಿತು, ಮೇಲೆ ಕೊಲೆಯ ಕೇಸು. ಅದು ಈಗ ಸಾಕ್ಷಿಗಳವರೆಗೆ ಬಂದಿತ್ತು. ಸಾಹೇಬರಿಗೆ ಸಮನ್ಸ್ ಬಂದಿತ್ತು. ಅವರು ಹೇಳಿದ್ದನ್ನೇ ಮತ್ತೆ ಹೇಳಿದರೆ ಅವನು ಜೈಲಿಗೆ, ಬೇರೆ ಹೇಳಿದರೆ ಬಹುಶಃ ಇವರು.

"ನಿಜ ಯಾವುದು ಸರ್?" ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಅದೇ ಗೊತ್ತಾಗವಲ್ದು ಮೇಷ್ಟ್ರೇ. ಜೀಪಿನ ಕಡೆ ಮುಖ ಇತ್ತು. ಜೀಪಿಗೇ ಅಂದಿರ್ಬೇಕು. ಆದ್ರೆ ಆ ಮಾತು ಅಂದಾಗ ಮನಸ್ಸಿನಾಗೆ ಏನಿತ್ತು? ಜೀಪು ಇತ್ತಾ, ಬಂದೂಕು ಇತ್ತಾ? ಕನಸಿನಾಗೆ ದಿನಾ ಹೋಗಿ ನೋಡ್ತೀನಿ. ಕನಸಿನಾಗೆ ಹೊಳೆ ಇರ್ತೈತೆ, ಸೇತುವೆ ಇರ್ತೈತೆ, ನಾನೇ ಇರಂಗಿಲ್ಲ. ಬರೀ ದನಿ ಇರ್ತೈತೆ." ಕರ್ಚೀಫಿನಿಂದ ಗಾಜಿನ ಮಂಜು ಒರೆಸಿದರು. ಹೊರಗೆ ಬಿಸಿಲು ಬಂದು ಗದ್ದೆಯೆಲ್ಲ ಬೆಳಗಿತ್ತು.

ಆ ಕಾನ್‌ಸ್ಟೆಬಲ್‌ನನ್ನು ನಾನು ಒಂದು ಸಲ ನೋಡಿದೆ. ಹರಿಹರದ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನಲು ನಿಂತಿದ್ದೆವು. ಸಾಹೇಬರಿಗೆ ಮಿರ್ಚಿಯ ಹಿಟ್ಟು ಇಷ್ಟ, ಮೆಣಸಿನಕಾಯಿಯನ್ನು ಜೋಪಾನವಾಗಿ ಎಳೆದು ತಟ್ಟೆಯ ಅಂಚಿಗೆ ಇಡುತ್ತಿದ್ದರು. ಒಂದು ಆಟೋ ಬಂದು ನಿಂತಿತು. ಇಳಿದವನು ಕಾಲು ಜೋಡಿಸಿ ಸಲ್ಯೂಟ್ ಮಾಡಿದ. ಖಾಕಿ ಅಂಗಿಯೇ, ಆದರೆ ಆಟೋದವರ ಖಾಕಿ. ಸಾಹೇಬರ ಕೈ ತಾನಾಗಿಯೇ ಹಣೆಗೆ ಹೋಯಿತು, ಬೆರಳಿನ ಎಣ್ಣೆ ವಿಭೂತಿಗೆ ಹತ್ತಿತು.

"ಎಲ್ ಬೋರ್ಡು ಹಾಕೀರಲ್ರಿ. ಗಾಡಿ ಹೊಡಿಯಾಕೆ ಕಲೀತೀರೇನ್ರಿ ಸರ್?"

"ಹ್ಞೂಂ."

"ಚಲೋ ಆತು ಬಿಡ್ರಿ. ನಾನೂ ಈಗ ಅದೇ ಹೊಡೀತಿದೀನಿ."

ಅವನು ಕೊಂಕಿಗೆ ಅಂದದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೊರಡಲು ತಿರುಗಿದವನು ನಿಂತ. ಗಿರಾಕಿ ಆಟೋದಲ್ಲಿ ಕಾಯುತ್ತಿದ್ದರೂ ನಿಂತ.

"ಸರ್, ನನ್ನ ಕೇಸಿನ ಬಗ್ಗೆ ಏನೂ ಕೇಳಂಗಿಲ್ಲ. ಒಂದು ಮಾತು ಹೇಳ್ರಿ ಸಾಕು. ನಾನು ಆವತ್ತು ಕೇಳಿದ್ದು ಹೌದಲ್ರೀ? ನೀವು ಅಂದಿದ್ದು ಹೌದಲ್ರೀ? ಎಲ್ಲಾರೂ ನಿನ್ನ ಕಿವಿಯಾಗೆ ಏನೋ ಹೊಕ್ಕಿತ್ತು ಅಂತಾರೆ. ನನ್ನ ಹೆಂಡ್ತಿನೂ ಅಂತಾಳೆ. ನನಗೂ ಈಗೀಗ ಹಂಗೇ ಅನಸ್ತೈತೆ."

ಸಾಹೇಬರು ತಟ್ಟೆಯ ಅಂಚಿನ ಮೆಣಸಿನಕಾಯಿಗಳನ್ನು ಒಂದೊಂದಾಗಿ ಸಾಲು ಮಾಡತೊಡಗಿದರು. ಅವನು ಸ್ವಲ್ಪ ಕಾದು, ಇನ್ನೊಂದು ಸಲ ಸಲ್ಯೂಟ್ ಮಾಡಿ ಹೋದ. ನನಗೆ ಸಾಹೇಬರ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅವರು ದಾರಿಯಲ್ಲಿ ಎಂಜಿನ್ನನ್ನು ಮೇಲಿಂದ ಮೇಲೆ ಆಫ್ ಮಾಡಿಕೊಂಡರು, ನಾನು ಏನೂ ಹೇಳಿಕೊಡಲಿಲ್ಲ. ಆ ಸಂಜೆ ಅವರ ಮನೆಗೆ ಹಳೆಯ ಸಹೋದ್ಯೋಗಿಯೊಬ್ಬರು ಬಂದು, ಜೀಪಿಗೆ ಅಂದಿದ್ದೆ ಅನ್ನಿ ಸಾಕು, ಅದು ಸುಳ್ಳೂ ಅಲ್ಲವಲ್ಲ, ಎಂದು ಬುದ್ಧಿ ಹೇಳಿ ಹೋದರೆಂದು ಆಮೇಲೆ ಅಕ್ಕನಿಂದ ತಿಳಿಯಿತು.

ಸಾಕ್ಷಿ ಹೇಳಬೇಕಾದ ದಿನ ಹತ್ತಿರ ಬಂದಿತ್ತು. ಸಾಹೇಬರು ಪಾಠ ತಪ್ಪಿಸಲಿಲ್ಲ. ಒಂದು ಬೆಳಗ್ಗೆ ನಾಲೆಯ ದಾರಿಯಲ್ಲಿ ಮಂಜು ಎಂದಿಗಿಂತ ದಟ್ಟವಾಗಿತ್ತು. ಕಾರು ತೇಲುತ್ತಿದೆಯೇನೋ ಅನ್ನುವ ಹಾಗೆ ನಿಧಾನಕ್ಕೆ ಹೋಗುತ್ತಿದ್ದೆವು. ಮುಂದೆ ರಸ್ತೆ ಇದ್ದಕ್ಕಿದ್ದಂತೆ ಬೆಳ್ಳಗಾಗಿ ಅಲುಗಾಡಿತು. ಕುರಿಗಳು. ಇಡೀ ಹಿಂಡು ರಸ್ತೆ ದಾಟುತ್ತಿತ್ತು. ಕುರಿಗಾಹಿ ನಮ್ಮನ್ನು ನೋಡಿ ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹಾಕಿದ.

ಕಾರು ನುಗ್ಗಿತು.

ನನ್ನ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ, ಕಲಿಸುವವರ ಕಾರಿನಲ್ಲಿ. ಎರಡನ್ನೂ ಒಟ್ಟಿಗೆ ತುಳಿದೆ. ಕಾರು ಮುಗ್ಗರಿಸಿ ನಿಂತಿತು. ಕೊನೆಯ ಕುರಿಯ ಉಣ್ಣೆ ಬಂಪರಿಗೆ ತಾಗಿತ್ತು. ನಿಂತರೂ ಎಂಜಿನ್ ಕಿರುಚುತ್ತಲೇ ಇತ್ತು.

"ಸರ್, ಕಾಲು ತೆಗೀರಿ!"

"ಬ್ರೇಕ್ ಒತ್ತೀನಲ್ರೀ!"

"ಅದು ಬ್ರೇಕಲ್ರೀ, ಕಾಲು ತೆಗೀರಿ!"

"ಒತ್ತೀನ್ರೀ, ಇನ್ನೂ ಜೋರಾಗಿ ಒತ್ತಾಕತ್ತೀನಿ, ನಿಲ್ಲವಲ್ದು!"

ನಾನು ಬಗ್ಗಿ ಅವರ ಮೊಣಕಾಲನ್ನು ಹಿಡಿದು ಎತ್ತಿದೆ. ಸದ್ದು ನಿಂತಿತು. ಸಾಹೇಬರು ತಮ್ಮ ಕಾಲನ್ನು ನೋಡಿದರು, ಆಕ್ಸಿಲರೇಟರನ್ನು ನೋಡಿದರು, ಬ್ರೇಕನ್ನು ನೋಡಿದರು. ಕುರಿಗಾಹಿ ನಮ್ಮಿಬ್ಬರ ವಂಶವನ್ನೆಲ್ಲ ನೆನೆಸಿಕೊಂಡು ಬೈದು ಕುರಿಗಳ ಹಿಂದೆ ಹೋದ. ಕುರಿಗಳ ಕೊರಳ ಗಂಟೆಯ ಸದ್ದು ಮಂಜಿನೊಳಗೆ ಹೋಗಿ ಕರಗಿತು.

"ಏನೂ ಆಗ್ಲಿಲ್ಲ ಬಿಡ್ರಿ ಸರ್," ಅಂದೆ. "ಕಲಿಯೋರೆಲ್ಲ ಮಾಡ್ತಾರೆ. ಗಾಬರಿ ಆದಾಗ ಕಾಲು ಬ್ರೇಕು ಅಂದ್ಕೊಂಡು ಇದನ್ನ ತುಳೀತೈತೆ. ಗಾಡಿ ಓಡಿದಷ್ಟೂ ಇನ್ನೂ ಜೋರಾಗಿ ತುಳೀತಾರೆ, ನಿಲ್ಲಿಸ್ತಿದೀನಿ ಅಂತ್ಲೇ."

"ಎಲ್ಲಾರೂನಾ?"

"ಒಂದಲ್ಲ ಒಂದು ದಿನ ಎಲ್ಲಾರೂ. ಪಕ್ಕದಾಗೆ ನಾವು ಇರ್ತೀವಲ್ಲ, ಅದಕ್ಕೆ ಬದುಕ್ತಾರೆ."

ಹೇಳಿ ಮುಗಿಸಿದ ಮೇಲೆ ನನಗೂ ಹೊಳೆಯಿತು. ಕಾರೊಳಗೆ ಚಳಿ ಹೆಚ್ಚಾದಂತೆ ಆಯಿತು. ಸಾಹೇಬರು ಸ್ಟೀರಿಂಗಿನ ಮೇಲೆ ಹಣೆ ಇಟ್ಟರು.

"ಅವನ ಜೇಬಿನಾಗೆ ಎಲ್‌ಎಲ್‌ಆರ್ ಇತ್ತು ಮೇಷ್ಟ್ರೇ. ಅದಕ್ಕೇ ಓಡಿದ ಅಂತ ಬರೆದ್ವಿ. ಅವನು ಓಡ್ತಿರ್ಲಿಲ್ಲ. ನಿಲ್ಲಿಸ್ತಿದ್ದ." ತಲೆ ಎತ್ತದೆಯೇ, "ನಿಲ್ಲಿಸ್ತಿದ್ದೋನನ್ನ ಕೊಂದ್ವಲ್ರಿ," ಅಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸದ್ದಿಲ್ಲದೆ ಅತ್ತರು. ಆ ದಿನ ವಾಪಸ್ ಕಾರು ನಡೆಸಿದ್ದು ನಾನು. ಅವರು ಎಡಗಡೆ ಕೂತಿದ್ದರು, ಮುಖ ಕಿಟಕಿಯ ಕಡೆ ಇತ್ತು.

ಸಾಕ್ಷಿಯ ದಿನ ದಾವಣಗೆರೆಯ ಕೋರ್ಟಿ‌ಗೆ ನಾನೇ ಕರೆದುಕೊಂಡು ಹೋದೆ. ಆಟೋದ ಕಾನ್‌ಸ್ಟೆಬಲ್ ಬಿಳಿ ಅಂಗಿ ಹಾಕಿಕೊಂಡು ಆರೋಪಿಯ ಜಾಗದಲ್ಲಿ ನಿಂತಿದ್ದ. ವಕೀಲರು ಕೇಳಿದರು, ಗುಂಡು ಹಾರಿಸಲು ನೀವು ಆದೇಶ ಕೊಟ್ಟಿದ್ದಿರಾ? ಸಾಹೇಬರು ಕೈಕಟ್ಟಿ ನಿಂತಿದ್ದರು.

"ಹೊಡಿ ಅಂದೆ."

ಅಷ್ಟು ತಿಂಗಳ ಒಡನಾಟದಲ್ಲಿ ಅವರು ಕತೆ ಹೇಳುವಾಗ ಬಿಟ್ಟರೆ ಆ ಮಾತನ್ನು ಅಂದದ್ದು ನಾನು ಕೇಳಿರಲಿಲ್ಲ. ಯಾರಿಗೆ ಅಂದಿರಿ ಎಂದು ವಕೀಲರು ಕೇಳಿದರು.

"ಯಾರಿಗೆ ಅಂತ ಹೇಳ್ಲಿಲ್ಲ ಸ್ವಾಮಿ. ಬಂದೂಕಿನೋನು ಹಿಂದೆ ನಿಂತಾನೆ ಅನ್ನಾದು ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಬಿಟ್ಟೆ. ಜೀಪಿನೋನು ಕೇಳಿದ್ದೂ ಸರಿ, ಇವನು ಕೇಳಿದ್ದೂ ಸರಿ. ಇವನ ಕಿವಿಯಾಗೆ ಏನೂ ಹೊಕ್ಕಿರ್ಲಿಲ್ಲ. ಮೊದ್ಲು ನಾನು ಕೊಟ್ಟ ಹೇಳಿಕೆ ಅರ್ಧ ಇತ್ತು. ಪೂರ್ತಿ ಇದು."

ನ್ಯಾಯಾಧೀಶರು ಬರೆಸತೊಡಗಿದರು, "ಹೊಡೆಯಿರಿ ಎಂದು ಹೇಳಿದೆನು..." ಸಾಹೇಬರು ಕೈ ಎತ್ತಿದರು. "ಹೊಡೆಯಿರಿ ಅನ್ಲಿಲ್ಲ ಸ್ವಾಮಿ. ಹೊಡಿ ಅಂದೆ. ಹಂಗೇ ಬರಸ್ರಿ. ಮತ್ತೆ ಪರಾರಿ ಆಗೋ ವಾಹನ ಅಂತ ನಾನು ಬರೆದಿದ್ದು ತಪ್ಪು. ಅವರು ಕಲಿಯೋರು. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿರ್ಬೇಕು ಅಂತ ನಾನು ನಂಬ್ತೀನಿ." ನಿಮ್ಮ ನಂಬಿಕೆ ಸಾಕ್ಷಿಯಾಗುವುದಿಲ್ಲ, ಕಂಡದ್ದನ್ನು ಮಾತ್ರ ಹೇಳಿ, ಎಂದು ನ್ಯಾಯಾಧೀಶರು ಹೇಳಿದರು. ಅದು ಸರಿಯೇ, ಅದನ್ನು ಬರೆಸಲಿಲ್ಲ. ಆರೋಪಿಯ ಜಾಗದಲ್ಲಿದ್ದವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ತೀರ್ಪು ಇನ್ನೂ ಬರಬೇಕು. ಹೇಳಿಕೆ ಬದಲಿಸಿದ್ದೇಕೆ ಎಂದು ಇಲಾಖೆಯಿಂದ ಸಾಹೇಬರಿಗೆ ನೋಟಿಸ್ ಬಂತು, ನಿಮ್ಮ ಮೇಲೂ ಕ್ರಮ ಯಾಕೆ ಕೈಗೊಳ್ಳಬಾರದು ಎಂದಿತ್ತು. ಬರ್ಲಿ ಬಿಡ್ರಿ, ಅಂದಿದ್ದರು. ಆ ಕಾಲದಲ್ಲಿ ಅವರು ಚೆನ್ನಾಗಿ ನಿದ್ದೆ ಮಾಡುತ್ತಿದ್ದರೆಂದು ಅಕ್ಕ ಹೇಳಿದರು. ತೀರಿಕೊಂಡ ದಿನ ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂರಿಸಿ ಹೊತ್ತು ನಡೆದವರಲ್ಲಿ ಆಟೋದವನೂ ಇದ್ದ. ಬೇರೆಯವರು ಹೆಗಲು ಬದಲಿಸಿದರೂ ಅವನು ಬದಲಿಸಲಿಲ್ಲ.

ಆದರೆ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಬರುವುದು ಕೋರ್ಟೂ ಅಲ್ಲ, ಆ ಮೆರವಣಿಗೆಯೂ ಅಲ್ಲ. ಸಾಕ್ಷಿ ಹೇಳಿ ಹೊರಬಂದವರು, "ಹರಿಹರಕ್ಕೆ ಹೋಗಾನ ಮೇಷ್ಟ್ರೇ," ಎಂದು ಬಲಗಡೆಗೆ ಹೋಗಿ ಕೂತರು. ಇಳಿಬಿಸಿಲಿನಲ್ಲಿ ಗದ್ದೆಗಳು ಬಂಗಾರದ ಬಣ್ಣಕ್ಕೆ ತಿರುಗಿದ್ದವು. ನಿಧಾನಕ್ಕೆ, ತಪ್ಪಿಲ್ಲದೆ ನಡೆಸಿದರು. ಹಳೇ ಊರಿನ ಒಂದು ಇಕ್ಕಟ್ಟು ಬೀದಿಯಲ್ಲಿ, ಅಕ್ಕಪಕ್ಕದ ಗೋಡೆಗಳು ಒಂದಕ್ಕೊಂದು ಒರಗಿಕೊಂಡ ಮನೆಗಳ ನಡುವೆ, ಒಂದು ಬಾಗಿಲ ಮುಂದೆ ನಿಲ್ಲಿಸಿದರು. ಸತ್ತವನ ಮನೆ. ಜಗಲಿಗಳ ಮೇಲೆ ಕೂತಿದ್ದ ಹೆಂಗಸರು ಸಾಹೇಬರ ಗುರುತು ಹಿಡಿದು ಮಾತು ನಿಲ್ಲಿಸಿದರು.

ಬಾಗಿಲಿಗೆ ಬಂದದ್ದು ಅವನ ಹೆಂಡತಿ. ಒಳಗೆ ಬನ್ನಿ ಅನ್ನಲಿಲ್ಲ. ಸಾಹೇಬರು ಚಪ್ಪಲಿ ಬಿಟ್ಟು ಬೀದಿಯಲ್ಲೇ ನಿಂತರು.

"ನಿಮ್ಮ ಯಜಮಾನ್ರು ಓಡಿ ಹೋಗ್ಲಿಲ್ಲ ತಾಯಿ. ನಿಲ್ಲಿಸಾಕೆ ನೋಡ್ತಿದ್ರು. ಗಾಬರಿಗೆ ಬ್ರೇಕ್ ಅಂತ ಇನ್ನೊಂದನ್ನ ತುಳಿದ್ರು. ನಾನೂ ಹಂಗೇ ತುಳಿದೆ, ಗಾಡಿ ಕಲಿಯಾಕೆ ಹೋಗಿ. ಆವಾಗ ಗೊತ್ತಾತು. ಗುಂಡು ಹಾರಿದ್ದು ನನ್ನ ಮಾತಿಗೆ. ಕೋರ್ಟಿನಾಗೆ ಹೇಳಿ ಬಂದೀನಿ."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದರು.

"ಕ್ಷಮಿಸು ಅನ್ಬ್ಯಾಡ್ರಿ," ಅಂದರು. "ಅದು ನನ್ನ ಕೈಲಿ ಆಗಂಗಿಲ್ಲ."

"ಇಲ್ಲ ತಾಯಿ. ಅನ್ನಂಗಿಲ್ಲ."

ಆಕೆ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದು ಸಲ ನೋಡಿದರು. ಜಗಲಿಗಳಲ್ಲಿ ಯಾರೂ ಅಲುಗಾಡಲಿಲ್ಲ. ಆಕೆಯ ಅತ್ತೆ ಅಲ್ಲೇ ಬಾಗಿಲ ಹಿಂದೆ, ಕೈಗೆಟಕುವಷ್ಟು ಹತ್ತಿರದಲ್ಲಿ ಕೂತಿದ್ದರು. ನಾವು ಆಡಿದ್ದನ್ನೆಲ್ಲ ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆಕೆ ಅತ್ತೆಯ ಕಡೆ ತಿರುಗದೆ, ಬೀದಿಯ ಕಡೆಗೇ ಮುಖ ಮಾಡಿಕೊಂಡು, ಗಂಟಲಿನಲ್ಲಿದ್ದ ದನಿಯನ್ನೆಲ್ಲ ಎತ್ತಿ ಕೂಗಿದರು.

"ಅತ್ತೇರೀ, ಕೇಳಿದ್ರೇನ್ರೀ? ನಿಮ್ಮ ಮಗ ಓಡಿ ಹೋಗಿರ್ಲಿಲ್ಲಂತ್ರೀ!"